ಬೀಳುಸುತ್ತಿಗೆಗೆ ಅಂಕೆ ಒದಗಿದ ಬಗೆ

ಕುಲುಮೆಯ ಮುಂದೆ ಒಂದು ಗಳಿಗೆ ನಿಂತು ನೋಡಿದವರಿಗೆ ಕಮ್ಮಾರಿಕೆಯ ಮರ್ಮವೊಂದು ತಾನಾಗಿಯೇ ಗೋಚರವಾಗುತ್ತದೆ. ಹಿರಿಯ ಕಮ್ಮಾರನು ಎಡಗೈಯ ಇಕ್ಕಳದಿಂದ ಕಾದ ಕಬ್ಬಿಣವನ್ನು ಹಿಡಿದು ಅಡಿಗಲ್ಲಿನ ಮೇಲಿಡುತ್ತಾನೆ. ಅವನ ಬಲಗೈಯಲ್ಲಿರುವುದು ಚಿಕ್ಕ ಸುತ್ತಿಗೆ. ಭಾರವಾದ ಸಮ್ಮಟಿಗೆಯನ್ನು ಎತ್ತಿ ಹೊಡೆಯುವವನು ಎದುರಿಗೆ ನಿಂತ ಆಳು. ಚಿಕ್ಕ ಸುತ್ತಿಗೆ ಎಲ್ಲಿ ತಟ್ಟುವುದೋ ಅಲ್ಲಿಯೇ ಸಮ್ಮಟಿಗೆ ಬೀಳಬೇಕು. ಅದು ಅಡಿಗಲ್ಲಿನ ಬರಿ ಮೈಯನ್ನು ತಟ್ಟಿದೊಡನೆ ಸಮ್ಮಟಿಗೆ ನಿಲ್ಲಬೇಕು. ಬಲವೆಲ್ಲ ಆಳಿನದು, ಅಂಕೆಯೆಲ್ಲ ಹಿರಿಯನದು. ಇವೆರಡರಲ್ಲಿ ಒಂದು ತಪ್ಪಿದರೂ ಕುಡುಗೋಲು ಕುಡುಗೋಲಾಗದು.

ಆಳಿನ ತೋಳಿಗೆ ಬದಲಾಗಿ ಟನ್ನುಗಟ್ಟಲೆ ತೂಕದ ಉಕ್ಕಿನ ಗುಂಡು ಬಂದಾಗ ಆ ಚಿಕ್ಕ ಸುತ್ತಿಗೆಯ ಕೆಲಸವನ್ನು ಯಾರು ಮಾಡಬೇಕು? ಹತ್ತೊಂಬತ್ತನೆಯ ಶತಮಾನದ ಯಂತ್ರಶಿಲ್ಪಿಗಳ ಮುಂದಿದ್ದ ಪ್ರಶ್ನೆಯಿದು. ಇತಿಹಾಸದ ಪುಸ್ತಕಗಳು ಸುತ್ತಿಗೆಯ ತೂಕವನ್ನು ಕೊಂಡಾಡುತ್ತವೆ. ಅದನ್ನು ಅಂಕೆಗೆ ತಂದ ಉಪಾಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಆ ಉಪಾಯವಾದರೋ ಸುತ್ತಿಗೆಗಿಂತ ಹೆಚ್ಚು ಸ್ವಾರಸ್ಯವುಳ್ಳದ್ದು.

ಮೊದಲಿಗೆ ಬೀಳುವ ತೂಕದ ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪೆಟ್ಟಿನಲ್ಲಿರುವ ಶಕ್ತಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಸುತ್ತಿಗೆಯ ತೂಕ ಮತ್ತು ಅದು ಬೀಳುವ ಎತ್ತರ. ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿಯೂ ಅರ್ಧವಾಗುತ್ತದೆ. ಆದರೆ ವೇಗವು ಅರ್ಧವಾಗಬೇಕಾದರೆ ಎತ್ತರವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 1 ಮೀಟರ್ ಎತ್ತರದಿಂದ ಬಿದ್ದ ಸುತ್ತಿಗೆಯು ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ಕಬ್ಬಿಣವನ್ನು ಮುಟ್ಟುತ್ತದೆ. ಬೀಳಲು ಹಿಡಿಯುವ ಕಾಲ ಸುಮಾರು 0.45 ಸೆಕೆಂಡು, ಎಂದರೆ ಕಣ್ಣೆವೆ ಇಕ್ಕುವಷ್ಟರ ಹೊತ್ತು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬರುವ ತೊಡಕಿಗೆಲ್ಲ ಇದೇ ಮೂಲ.

ಉಗಿಸುತ್ತಿಗೆಗೆ ಮುಂಚೆ ಯುರೋಪಿನ ಕಮ್ಮಟಗಳಲ್ಲಿ ಬಳಕೆಯಲ್ಲಿದ್ದುದು ನೀರಿನ ಚಕ್ರದಿಂದ ನಡೆಯುವ ತೊಲೆಸುತ್ತಿಗೆ. ನಮ್ಮ ಏತದ ಮರದಂತೆ ಒಂದು ತೊಲೆ; ಅದರ ತುದಿಯಲ್ಲಿ ಕಬ್ಬಿಣದ ತಲೆ. ತಿರುಗುವ ದಿಂಡಿನ ಮೇಲಿನ ಹಲ್ಲುಗಳು ತೊಲೆಯನ್ನು ಮೀಟಿ ಎತ್ತಿ ಬಿಡುತ್ತಿದ್ದವು. ಸಣ್ಣ ಸರಳುಗಳಿಗೆ ಇದು ಸಾಕಾಗಿತ್ತು. ಆದರೆ ಇದರಲ್ಲಿ ಎರಡು ದೋಷಗಳಿದ್ದವು. ತಲೆಯು ಕಮಾನಿನ ದಾರಿಯಲ್ಲಿ ಇಳಿಯುತ್ತಿದ್ದುದರಿಂದ ಅದರ ಮೈ ಅಡಿಗಲ್ಲಿಗೆ ಸಮಾಂತರವಾಗುತ್ತಿದ್ದುದು ಯಾವುದೋ ಒಂದು ದಪ್ಪಕ್ಕೆ ಮಾತ್ರ. ಎರಡನೆಯ ದೋಷ ಇನ್ನೂ ವಿಪರೀತ. ತೊಲೆ ಏಳುವ ಮಟ್ಟ ಗೊತ್ತುಪಾಡಾದುದು. ಕೆಳಗಿಟ್ಟ ಕಬ್ಬಿಣ ದಪ್ಪವಾದಷ್ಟೂ ಬೀಳಲು ಉಳಿಯುವ ಅಂತರ ಕಿರಿದಾಗುತ್ತಿತ್ತು. ಯಾವ ದಿಮ್ಮಿಗೆ ದೊಡ್ಡ ಪೆಟ್ಟು ಬೇಕಾಗಿತ್ತೋ ಅದಕ್ಕೇ ಸಣ್ಣ ಪೆಟ್ಟು!

ಇದನ್ನು ತರಗತಿಯಲ್ಲಿ ಖರ್ಚಿಲ್ಲದೆ ತೋರಿಸಬಹುದು. ಗೋಡೆಯ ಮೇಲೆ 1 ಮೀಟರ್ ಎತ್ತರದಲ್ಲಿ ಒಂದು ಗೆರೆ ಎಳೆದು, ನೆಲದ ಮೇಲೆ ಹದವಾದ ಜೇಡಿಮಣ್ಣಿನ ಮುದ್ದೆಯನ್ನಿಟ್ಟು, ಗೆರೆಯ ಮಟ್ಟದಿಂದ ಕಬ್ಬಿಣದ ಗುಂಡನ್ನು ಬಿಡಬೇಕು. ತರುವಾಯ ಅರ್ಧ ಮೀಟರಿನಷ್ಟು ಇಟ್ಟಿಗೆಗಳನ್ನು ಪೇರಿಸಿ, ಅದರ ಮೇಲೆ ಅಂತಹುದೇ ಮುದ್ದೆಯನ್ನಿಟ್ಟು, ಅದೇ ಗೆರೆಯಿಂದ ಗುಂಡನ್ನು ಬಿಟ್ಟು ಎರಡು ಕುಳಿಗಳನ್ನು ಹೋಲಿಸಿದರೆ ತೊಲೆಸುತ್ತಿಗೆಯ ಸೋಲು ಮಕ್ಕಳಿಗೆ ಮನದಟ್ಟಾಗುತ್ತದೆ.

1839ರಲ್ಲಿ ಈ ಸೋಲು ದೊಡ್ಡದಾಗಿ ಬಯಲಿಗೆ ಬಂದಿತು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಹಡಗಿನ ನಿರ್ಮಾಣ ನಡೆದಿತ್ತು. ಅದರ ಪಕ್ಕಚಕ್ರಗಳಿಗೆ 30 ಅಂಗುಲ ವ್ಯಾಸದ ದಂಡವೊಂದು ಬೇಕಾಗಿತ್ತು. ಅದನ್ನು ಬಡಿದು ಕೊಡಲು ಯಾವ ಕಮ್ಮಟದವರೂ ಒಪ್ಪಲಿಲ್ಲ. ಹಡಗಿನ ಯಂತ್ರಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ ಹಂಫ್ರೀಸ್ ಈ ಕಷ್ಟವನ್ನು ಮ್ಯಾಂಚೆಸ್ಟರಿನ ಬಳಿಯ ಪ್ಯಾಟ್ರಿಕ್ರಾಫ್ಟಿನಲ್ಲಿ ಯಂತ್ರಾಗಾರ ನಡೆಸುತ್ತಿದ್ದ ಜೇಮ್ಸ್ ನೇಸ್ಮಿತ್‌ನಿಗೆ ಬರೆದು ತಿಳಿಸಿದನು. ನವೆಂಬರ್ 24ರ ದಿನಾಂಕವಿರುವ ನಕ್ಷೆಯಲ್ಲಿ ನೇಸ್ಮಿತ್ ತನ್ನ ಪರಿಹಾರವನ್ನು ಗೀಚಿಟ್ಟನು: ಮೇಲೆ ಉಗಿಯ ಸಿಲಿಂಡರು, ಅದರೊಳಗಿನ ಪಿಸ್ಟನ್ನಿನ ದಂಡಕ್ಕೆ ನೇರವಾಗಿ ಕಟ್ಟಿದ ಸುತ್ತಿಗೆ, ಕೆಳಗೆ ಅಡಿಗಲ್ಲು. ಪಿಸ್ಟನ್ನಿನ ಅಡಿಗೆ ಉಗಿ ನುಗ್ಗಿದರೆ ಸುತ್ತಿಗೆ ಏಳುವುದು. ಉಗಿಯನ್ನು ಹೊರಬಿಟ್ಟರೆ ತನ್ನ ತೂಕದಿಂದಲೇ ಬೀಳುವುದು. ತೊಲೆಯಿಲ್ಲ, ಕಮಾನಿನ ದಾರಿಯಿಲ್ಲ. ದಪ್ಪ ದಿಮ್ಮಿಗೂ ಬೇಕಾದಷ್ಟು ಎತ್ತರ.

ಆದರೆ ಹಡಗಿನವರು ಪಕ್ಕಚಕ್ರಗಳನ್ನು ಕೈಬಿಟ್ಟು ಹಿಂಬದಿಯ ತಿರುಪುಚಕ್ರವನ್ನು ಆರಿಸಿಕೊಂಡರು. ದಂಡ ಬೇಡವಾಯಿತು, ಸುತ್ತಿಗೆ ಕಾಗದದ ಮೇಲೆಯೇ ಉಳಿಯಿತು. ಫ್ರಾನ್ಸಿನ ಲ ಕ್ರೂಜೋ ಕಾರ್ಖಾನೆಯ ಒಡೆಯ ಶ್ನೈಡರನೂ ಅಲ್ಲಿಯ ಶಿಲ್ಪಿ ಬೂರ್ದೊನೂ ಪ್ಯಾಟ್ರಿಕ್ರಾಫ್ಟಿಗೆ ಬಂದಾಗ ಆ ನಕ್ಷೆಯನ್ನು ನೋಡಿದರೆಂದೂ, ಮುಂದೆ ತಾನು ಲ ಕ್ರೂಜೋಗೆ ಹೋದಾಗ ತನ್ನ ಸುತ್ತಿಗೆಯೇ ಅಲ್ಲಿ ಕೆಲಸ ಮಾಡುತ್ತಿದ್ದುದನ್ನು ಕಂಡೆನೆಂದೂ ನೇಸ್ಮಿತ್ ಹೇಳಿಕೊಂಡಿದ್ದಾನೆ. ಬೂರ್ದೊ ತಾನೇ ಸ್ವತಂತ್ರವಾಗಿ ಅದನ್ನು ಕಲ್ಪಿಸಿದನೆಂಬುದು ಫ್ರೆಂಚರ ವಾದ. ಆ ವ್ಯಾಜ್ಯ ಇಲ್ಲಿಗೆ ಬೇಕಾಗಿಲ್ಲ. 1842ರಲ್ಲಿ ನೇಸ್ಮಿತ್ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದು ಸುತ್ತಿಗೆಗಳನ್ನು ಮಾಡತೊಡಗಿದನು.

ನಿಜವಾದ ತೊಡಕು ತಲೆದೋರಿದುದು ಆಮೇಲೆ. ಮೊದಲ ಸುತ್ತಿಗೆಗಳಲ್ಲಿ ಉಗಿಯ ಕವಾಟವನ್ನು ಆಳೊಬ್ಬನು ಕೈಯಿಂದಲೇ ತೆರೆದು ಮುಚ್ಚಬೇಕಾಗಿತ್ತು. ಪೆಟ್ಟು ಬೀಳುವ ಕಾಲ ಅರ್ಧ ಸೆಕೆಂಡಿಗೂ ಕಡಿಮೆಯೆಂಬುದನ್ನು ಮೇಲೆ ಹೇಳಿದೆ. ಅಷ್ಟರೊಳಗೆ ಅವನ ಕೈ ಒಂದು ಎಳೆಯಷ್ಟು ಮುಂಚೆ ಆಡಿದರೆ ಪಿಸ್ಟನ್ನಿನ ಅಡಿಗೆ ಉಗಿ ಬಂದು ಮೆತ್ತೆಯಂತೆ ಸುತ್ತಿಗೆಯನ್ನು ತಡೆಯುತ್ತಿತ್ತು. ಪೆಟ್ಟಿನ ಬಲ ಕಬ್ಬಿಣಕ್ಕೆ ದಕ್ಕುತ್ತಿರಲಿಲ್ಲ. ತಡವಾಗಿ ಆಡಿದರೆ ಸುತ್ತಿಗೆ ಕೆಂಡದಂತಹ ಕಬ್ಬಿಣದ ಮೇಲೆಯೇ ಕುಳಿತು ಅದರ ಕಾವನ್ನು ಹೀರುತ್ತಿತ್ತು. ಬೆಸುಗೆಯ ಹದದಲ್ಲಿರುವ ದಿಮ್ಮಿಗೆ ಒಂದೊಂದು ಕ್ಷಣವೂ ಬೆಲೆಯುಳ್ಳದ್ದು. ಹದ ತಪ್ಪಿದರೆ ಮತ್ತೆ ಕುಲುಮೆಗೆ ಹಾಕಬೇಕು. ಸುತ್ತಿಗೆ ಮಿತಿಮೀರಿ ಮೇಲೆದ್ದರೆ ಪಿಸ್ಟನ್ ಸಿಲಿಂಡರಿನ ಮುಚ್ಚಳಕ್ಕೆ ಬಡಿಯುವ ಅಪಾಯ ಬೇರೆ.

ಕವಾಟವನ್ನು ಸುತ್ತಿಗೆಯೇ ನಡೆಸುವಂತೆ ಮಾಡಬಾರದೇ? ಮೇಲಿನ ಕೊನೆಯಲ್ಲಿ ಇದು ಸುಲಭ. ಚೌಕಟ್ಟಿನ ಮೇಲೆ ಬೇಕಾದ ಎತ್ತರದಲ್ಲಿ ಒಂದು ಸನ್ನೆಗೋಲನ್ನು ನಿಲ್ಲಿಸಿದರೆ, ಏಳುತ್ತಿರುವ ಸುತ್ತಿಗೆ ಅದನ್ನು ತಾಗಿ ಉಗಿಯನ್ನು ಮುಚ್ಚುತ್ತದೆ. ಆದರೆ ಕೆಳಗಿನ ಕೊನೆಯಲ್ಲಿ ಹಾಗೆ ಗೂಟ ನೆಡಲು ಬರುವುದಿಲ್ಲ. ಏಕೆಂದರೆ ಪೆಟ್ಟು ಬೀಳುವ ಸ್ಥಳವೇ ಸ್ಥಿರವಾಗಿಲ್ಲ. ಮೊದಲ ಪೆಟ್ಟಿಗೆ ದಿಮ್ಮಿ ಒಂದು ದಪ್ಪ, ಹತ್ತನೆಯ ಪೆಟ್ಟಿಗೆ ಮತ್ತೊಂದು ದಪ್ಪ. ದಿಮ್ಮಿಯನ್ನು ಮಗ್ಗುಲು ತಿರುಗಿಸಿದರೆ ಇನ್ನೊಂದು. ಸ್ಥಾನವನ್ನು ನೋಡಿ ಕೆಲಸ ಮಾಡುವ ಯಾವ ಗೂಟವೂ ಇಲ್ಲಿ ಒಂದು ಪೆಟ್ಟಿಗೆ ಸರಿಯಾಗಿ ಮುಂದಿನ ಪೆಟ್ಟಿಗೆ ತಪ್ಪುತ್ತದೆ.

1843ರಲ್ಲಿ ಈ ಗಂಟನ್ನು ಬಿಡಿಸಿದವನು ನೇಸ್ಮಿತ್‌ನ ಯಂತ್ರಾಗಾರದ ವ್ಯವಸ್ಥಾಪಕ ರಾಬರ್ಟ್ ವಿಲ್ಸನ್. ಅವನು ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲೂರಿನ ಬೆಸ್ತನ ಮಗ. ತಾರುಣ್ಯದಲ್ಲಿಯೇ ಹಡಗಿನ ತಿರುಪುಚಕ್ರವನ್ನು ಕುರಿತು ಪ್ರಯೋಗಗಳನ್ನು ನಡೆಸಿದ್ದವನು. ಯಾವ ತಿರುಪುಚಕ್ರದಿಂದಾಗಿ ಸುತ್ತಿಗೆಯ ಮೊದಲ ಕೆಲಸ ತಪ್ಪಿಹೋಯಿತೋ ಅದನ್ನೇ ಚಿಂತಿಸಿದವನ ಕೈಯಲ್ಲಿ ಸುತ್ತಿಗೆ ಪೂರ್ಣವಾದುದು ಕಾಕತಾಳೀಯವೆನ್ನಬೇಕು.

ವಿಲ್ಸನ್ನನ ಯೋಜನೆಯ ತಿರುಳು ಇಷ್ಟು: ಕೆಳಗಿನ ಕೊನೆಯಲ್ಲಿ ಕವಾಟಕ್ಕೆ ಅಪ್ಪಣೆ ಕೊಡಬೇಕಾದುದು ಸ್ಥಾನವಲ್ಲ, ಪೆಟ್ಟೇ. ಸುತ್ತಿಗೆಯ ಮೈಗೆ ತೂಕದ ತುದಿಯುಳ್ಳ ಒಂದು ಚಿಕ್ಕ ಸನ್ನೆಯನ್ನು ಸಡಿಲವಾಗಿ ತೂಗುಹಾಕಿದೆ. ಸುತ್ತಿಗೆ ಬೀಳುವಾಗ ಅದೂ ಜೊತೆಯಲ್ಲಿಯೇ ಇಳಿಯುತ್ತದೆ. ಕಬ್ಬಿಣಕ್ಕೆ ಬಡಿದು ಸುತ್ತಿಗೆ ತಟ್ಟನೆ ನಿಲ್ಲುತ್ತದೆ. ಆದರೆ, ಓಡುವ ಬಂಡಿ ಹಠಾತ್ತನೆ ನಿಂತಾಗ ಒಳಗಿದ್ದವರು ಮುಂದಕ್ಕೆ ವಾಲುವಂತೆ, ಸನ್ನೆಯ ಭಾರದ ತುದಿ ಮಾತ್ರ ಇನ್ನೂ ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗಿನಿಂದ ಪಕ್ಕದಲ್ಲಿ ಉದ್ದಕ್ಕೂ ನಿಂತಿರುವ ಪಟ್ಟಿಯೊಂದಕ್ಕೆ ತಾಗುತ್ತದೆ. ಪಟ್ಟಿ ಸರಿದು ಕವಾಟವನ್ನು ಹಿಡಿದಿದ್ದ ಕೊಕ್ಕೆ ಬಿಟ್ಟುಕೊಳ್ಳುತ್ತದೆ. ಉಗಿ ನುಗ್ಗಿ ಸುತ್ತಿಗೆ ಮತ್ತೆ ಏಳುತ್ತದೆ. ಪಟ್ಟಿ ಉದ್ದವಾಗಿರುವುದರಿಂದ ದಿಮ್ಮಿ ಎಷ್ಟೇ ದಪ್ಪವಾಗಿರಲಿ, ಪೆಟ್ಟು ಯಾವ ಮಟ್ಟದಲ್ಲಿಯೇ ಬೀಳಲಿ, ಸನ್ನೆಗೆ ಅದು ಸಿಕ್ಕಿಯೇ ಸಿಗುತ್ತದೆ. ಪೆಟ್ಟು ಪೂರ್ತಿಯಾಗಿ ಬೀಳುವವರೆಗೆ ಉಗಿ ಬರುವಂತಿಲ್ಲ. ಬಿದ್ದ ಮೇಲೆ ತಡವಾಗುವಂತಿಲ್ಲ. ಮೇಲಿನ ಕೊನೆಯ ಸನ್ನೆಗೋಲಿಗೆ ಉದ್ದನೆಯ ತಿರುಪನ್ನು ಅಳವಡಿಸಿದ್ದರಿಂದ ಕೆಲಸದ ನಡುವೆಯೇ ಅದನ್ನು ಏರಿಸಿ ಇಳಿಸಿ ಪೆಟ್ಟಿನ ಬಲವನ್ನು ಹೆಚ್ಚು ಕಡಮೆ ಮಾಡುವುದು ಸಾಧ್ಯವಾಯಿತು.

ಇಲ್ಲಿ ಶಬ್ದದ ಮಾತೊಂದನ್ನು ಆಡಿದರೆ ಅಪ್ರಸ್ತುತವಾಗಲಾರದು. ‘ಯಂತ್ರ’ವೆಂಬ ಪದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬಲ, ವೇಗ, ಸದ್ದು ಇವು ಬರುತ್ತವೆ. ವೈಯಾಕರಣರಾದರೋ ಅದನ್ನು ತಡೆ, ಸಂಕೋಚ, ಹತೋಟಿ ಎಂಬ ಅರ್ಥವುಳ್ಳ ಧಾತುವಿನಿಂದ ಸಾಧಿಸುತ್ತಾರೆ. ‘ನಿಯಂತ್ರಣ’ವೂ ಅದೇ ಬಳಗದ ಪದ. ಆ ಲೆಕ್ಕದಲ್ಲಿ ವಿಲ್ಸನ್ನನ ಕೊಕ್ಕೆ ಬರುವವರೆಗೆ ನೇಸ್ಮಿತ್‌ನ ಸುತ್ತಿಗೆ ಇನ್ನೂ ಪೂರ್ಣಾರ್ಥದಲ್ಲಿ ಯಂತ್ರವಾಗಿರಲಿಲ್ಲ.

ಹೀಗಿದ್ದರೂ ಜನರ ನೆನಪಿನಲ್ಲಿ ನಿಂತ ಹೆಸರು ನೇಸ್ಮಿತ್‌ನದು. ಅವನ ಆತ್ಮಕಥೆ ಪ್ರಕಟವಾದುದು 1883ರಲ್ಲಿ. ವಿಲ್ಸನ್ ತೀರಿಕೊಂಡುದು ಅದರ ಹಿಂದಿನ ವರ್ಷ. ನೇಸ್ಮಿತ್‌ನ ಪ್ರತಿಭೆಯನ್ನು ಕಿರಿದುಗೊಳಿಸುವ ಅಗತ್ಯವಿಲ್ಲ. ಬಲವನ್ನು ನೇರವಾಗಿ ಸುತ್ತಿಗೆಗೆ ಕಟ್ಟಿದ ಸರಳತೆ ಅವನದೇ. ಆದರೆ ಶಾಲೆಯ ಪಾಠದಲ್ಲಿ ಉಗಿಸುತ್ತಿಗೆಯ ಪ್ರಸ್ತಾಪ ಬಂದಾಗಲೆಲ್ಲ ಎರಡು ಹೆಸರುಗಳನ್ನೂ ಬರೆಯಿಸುವುದು ನ್ಯಾಯ.

ವಿಲ್ಸನ್ ತನ್ನ ಉಪಾಯಕ್ಕೇ ಅಂಟಿಕೊಂಡು ಕೂಡಲಿಲ್ಲವೆಂಬುದು ಅವನ ಹಿರಿಮೆ. ಮುಂದೆ ಅವನು ಲೋ ಮೂರ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದಾಗ ಸಮತೋಲದ ಕವಾಟವೊಂದನ್ನು ರಚಿಸಿದನು. ಹಳೆಯ ಕವಾಟವನ್ನು ಉಗಿಯ ಒತ್ತಡ ಒಂದೇ ಕಡೆಯಿಂದ ಅದುಮುತ್ತಿದ್ದುದರಿಂದ ಅದನ್ನು ಸರಿಸುವುದಕ್ಕೆ ಬಲ ಬೇಕಾಗುತ್ತಿತ್ತು. ಹೊಸದರಲ್ಲಿ ಒತ್ತಡವು ಎಲ್ಲ ಕಡೆಯಿಂದಲೂ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುತ್ತಿತ್ತು. ಹುಡುಗನೊಬ್ಬನು ಒಂದೇ ಕೈಯಿಂದ ಅದನ್ನು ಆಡಿಸಬಹುದಾಗಿತ್ತು. ಇದರ ಪರಿಣಾಮವಾಗಿ ಅನೇಕ ಕಮ್ಮಟಗಳಲ್ಲಿ ತಾನಾಗಿ ನಡೆಯುವ ಕೊಕ್ಕೆಯ ಏರ್ಪಾಡನ್ನು ತೆಗೆದುಹಾಕಿ, ಪಳಗಿದ ಕೈಗೇ ಸನ್ನೆಗೋಲನ್ನು ಒಪ್ಪಿಸಿದರು. ಕಬ್ಬಿಣವನ್ನು ಹಿಡಿದ ಹಿರಿಯ ಕಮ್ಮಾರನು ತಲೆಯಾಡಿಸಿದರೆ ಅಥವಾ ಕೈಸನ್ನೆ ಮಾಡಿದರೆ ಸಾಕು, ಸನ್ನೆಗೋಲಿನವನು ಅಷ್ಟೇ ಬಲದ ಪೆಟ್ಟನ್ನು ಇಳಿಸುವನು. ಕುಲುಮೆಯ ಚಿಕ್ಕ ಸುತ್ತಿಗೆ ಮತ್ತೆ ತನ್ನ ಸ್ಥಾನಕ್ಕೆ ಬಂದಂತಾಯಿತು.

ಇಂತಹ ಅಂಕೆ ದೊರೆತ ಮೇಲೆಯೇ ಪ್ರಸಿದ್ಧವಾದ ಆ ಪ್ರದರ್ಶನ ಸಾಧ್ಯವಾದುದು. ಗಾಜಿನ ಬಟ್ಟಲಿನಲ್ಲಿ ಕೋಳಿಮೊಟ್ಟೆಯನ್ನಿಟ್ಟು, ಬಟ್ಟಲು ಒಡೆಯದಂತೆ ಮೊಟ್ಟೆಯ ಚಿಪ್ಪನ್ನು ಮಾತ್ರ ಒಡೆದು ತೋರಿಸುತ್ತಿದ್ದರು. ಮರುಪೆಟ್ಟಿಗೆ ಕಟ್ಟಡವೇ ನಡುಗುವಂತೆ ಬಡಿಯುತ್ತಿದ್ದರು. ಅಕ್ಕಸಾಲಿಗನ ನೂರು ಪೆಟ್ಟು, ಕಮ್ಮಾರನ ಒಂದು ಪೆಟ್ಟು ಎಂಬ ನಮ್ಮ ಗಾದೆಯ ಎರಡು ತುದಿಗಳೂ ಒಂದೇ ಸುತ್ತಿಗೆಯಲ್ಲಿ ಕೂಡಿದವು. ಗಾತ್ರವೂ ಬೆಳೆಯುತ್ತ ಹೋಯಿತು. ಲ ಕ್ರೂಜೋದಲ್ಲಿ 1877ರಲ್ಲಿ ಕೆಲಸಕ್ಕೆ ಬಂದ ಸುತ್ತಿಗೆಯ ಬೀಳುವ ಭಾಗವೇ 100 ಟನ್. ಕ್ರಮೇಣ ಅಷ್ಟು ದೊಡ್ಡ ದಿಮ್ಮಿಗಳ ಕೆಲಸವನ್ನು ನೀರಿನ ಒತ್ತಡದ ಯಂತ್ರಗಳು ವಹಿಸಿಕೊಂಡವು. ಆ ಸುತ್ತಿಗೆ ಈಗ ಅದೇ ಊರಿನಲ್ಲಿ ಸ್ಮಾರಕವಾಗಿ ನಿಂತಿದೆ.

ಸಣ್ಣ ಸಾಮಾನುಗಳ ಕ್ಷೇತ್ರದಲ್ಲಿ ಬೀಳುಸುತ್ತಿಗೆ ಉಳಿದುಕೊಂಡಿತು. ಎರಡು ಅಚ್ಚುಗಳ ನಡುವೆ ಕಾದ ಕಬ್ಬಿಣವನ್ನಿಟ್ಟು ಬಡಿದರೆ ಅದು ಅಚ್ಚಿನ ಆಕಾರವನ್ನು ತಾಳುತ್ತದೆ. ಇಕ್ಕಳ, ತಿರುಪುಳಿ, ಮೋಟಾರು ಬಂಡಿಯ ಭಾಗಗಳು ಹೀಗೆಯೇ ಆಗುವುವು. ಇವುಗಳಲ್ಲಿ ಒಂದು ಬಗೆಗೆ ಉಗಿಯೇ ಬೇಡ. ಸುತ್ತಿಗೆಯ ತಲೆಗೆ ಗಟ್ಟಿ ಮರದ ಹಲಗೆಯನ್ನು ಕಟ್ಟಿ, ಅದನ್ನು ಎದುರುಬದುರಾಗಿ ತಿರುಗುವ ಎರಡು ಉರುಳೆಗಳ ನಡುವೆ ಹಾಯಿಸಿರುತ್ತಾರೆ. ಉರುಳೆಗಳು ಒತ್ತಿ ಹಿಡಿದರೆ ಹಲಗೆ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಕೆಲಸಗಾರನು ಕಾಲುಮೆಟ್ಟನ್ನು ಅದುಮಿದರೆ ಒಂದು ಪೆಟ್ಟು. ಅದುಮಿಯೇ ಇಟ್ಟರೆ ಪೆಟ್ಟಿನ ಮೇಲೆ ಪೆಟ್ಟು. ಎತ್ತರವನ್ನು ಮೊದಲೇ ಗೊತ್ತುಮಾಡಿರಬೇಕು. ನಡುವೆ ಬದಲಿಸುವುದು ಕಷ್ಟ. ವಿಲ್ಸನ್ನನ ತಿರುಪು ಕೊಟ್ಟಿದ್ದ ಸೌಲಭ್ಯ ಇದರಲ್ಲಿ ಕಳೆದುಹೋಗಿತ್ತು. ತರುವಾಯ ಬಂದ ಗಾಳಿಯ ಒತ್ತಡದ ಸುತ್ತಿಗೆಗಳಲ್ಲಿ ಗಿಡ್ಡ ಪೆಟ್ಟು, ಉದ್ದ ಪೆಟ್ಟುಗಳನ್ನು ಬೇಕಾದ ಸರದಿಯಲ್ಲಿ ಹೊಂದಿಸಿಡಬಹುದು. ಇಂದಿನವುಗಳಲ್ಲಿ ಕವಾಟ ತೆರೆದಿರುವ ಕಾಲವನ್ನು ವಿದ್ಯುನ್ಮಾನ ಸಾಧನವು ಸೆಕೆಂಡಿನ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ.

ಕಬ್ಬಿಣದ ಹದದಷ್ಟೇ ಕೆಲಸಗಾರನ ಕೈಯೂ ಈ ಅಂಕೆಯನ್ನು ಅವಲಂಬಿಸಿದೆ. ಕಾಲುಮೆಟ್ಟಿನ ಯಂತ್ರದಲ್ಲಿ ಎರಡು ಕೈಗಳೂ ಬಿಡುವಾಗಿರುತ್ತವೆ. ಓರೆಯಾದ ಸಾಮಾನನ್ನು ನೆಟ್ಟಗಿಡಲು ಅರಿವಿಲ್ಲದೆಯೇ ಒಂದು ಕೈ ಅಚ್ಚಿನ ನಡುವೆ ಹೋಗುತ್ತದೆ, ಅದೇ ಗಳಿಗೆಯಲ್ಲಿ ಕಾಲು ಅದುಮುತ್ತದೆ. ಬೀಳತೊಡಗಿದ ತೂಕವನ್ನು ತಡೆಯಲು ಯಾರಿಗೂ ಸಮಯವಿರುವುದಿಲ್ಲ. ಆದುದರಿಂದ ಅಚ್ಚು ಬದಲಿಸುವಾಗ ಸುತ್ತಿಗೆಯ ಅಡಿಗೆ ಬಲವಾದ ಊರೆಗಂಬವನ್ನು ಕೊಡಬೇಕೆಂಬ ಕಟ್ಟಳೆ ಬಂದಿತು. ಕೈಯಿಂದ ಸಾಮಾನನ್ನು ಇಡಬೇಕಾದ ಒತ್ತುಯಂತ್ರಗಳಲ್ಲಿ ಕಾಲುಮೆಟ್ಟಿಗೆ ಬದಲಾಗಿ ದೂರ ದೂರ ಎರಡು ಗುಂಡಿಗಳನ್ನು ಇಟ್ಟರು. ಎರಡು ಕೈಗಳೂ ಒಟ್ಟಿಗೆ ಒತ್ತಿದರೆ ಮಾತ್ರ ಪೆಟ್ಟು. ಆಗ ಎರಡು ಕೈಗಳೂ ಅಚ್ಚಿನಿಂದ ಹೊರಗೆ. ಅವಸರದ ಕೆಲಸಗಾರರು ಒಂದು ಗುಂಡಿಯನ್ನು ದಾರದಿಂದ ಕಟ್ಟಿಹಾಕಿ, ಇನ್ನೊಂದನ್ನು ಮಾತ್ರ ಒತ್ತುತ್ತ ಕೆಲಸ ಮಾಡುವುದುಂಟು. ಅದಕ್ಕಾಗಿ, ಒಂದು ಪೆಟ್ಟಿನ ತರುವಾಯ ಎರಡು ಗುಂಡಿಗಳನ್ನೂ ಪೂರ್ತಿಯಾಗಿ ಬಿಟ್ಟು ಮತ್ತೆ ಒತ್ತದ ಹೊರತು ಎರಡನೆಯ ಪೆಟ್ಟು ಇಳಿಯದಂತೆ ಅವುಗಳನ್ನು ಕಟ್ಟುತ್ತಾರೆ.