ತೇಲುತ್ತಾ ಬೋರ್ ಕೊರೆಯುವುದು ಹೇಗೆ?



ಹೋದ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿ ಬೋರ್ ಕೊರೆಸಿದೆವು. (ನೀರು ಬೀಳಲಿಲ್ಲ, ಅದು ಬೇರೆ ಮಾತು.) ಬೋರ್ ಲಾರಿಯವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಜಾಕ್ ಇಳಿಸಿ ಲಾರಿ ಅಲ್ಲಾಡದಂತೆ ನಿಲ್ಲಿಸಿದ್ದು. ಹಾಗಾದರೆ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವವರು ಜಾಕ್ ಎಲ್ಲಿ ಊರುತ್ತಾರೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ಅವರು ಕೊಟ್ಟ ಪುಸ್ತಕದಲ್ಲಿ ಓದಿದ್ದನ್ನೂ ಸೇರಿಸಿ ಬರೆದಿದ್ದೇನೆ.

ನೀರು ಕಡಿಮೆ ಇದ್ದರೆ ಕಷ್ಟವಿಲ್ಲ. 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಬಾವಿ ಕೊರೆದ 'ಸಾಗರ್ ಸಮ್ರಾಟ್' ರಿಗ್ಗಿಗೆ ಉದ್ದನೆಯ ಕಾಲುಗಳಿದ್ದವು. ಅವನ್ನು ಸಮುದ್ರದ ತಳಕ್ಕೆ ಊರಿ ನಿಂತಿತ್ತು. ಆದರೆ ನೀರೇ 1500 ಮೀಟರ್ ಆಳವಿದ್ದರೆ? ಅಷ್ಟುದ್ದ ಕಾಲು ಕೊಡೋಕ್ಕಾಗಲ್ಲ. ಅಲ್ಲಿ ರಿಗ್ ತೇಲಲೇಬೇಕು.

ತೇಲುವ ರಿಗ್ಗಿನ ಅಡಿಯಲ್ಲಿ ದೊಡ್ಡ ಟೊಳ್ಳು ತೊಟ್ಟಿಗಳಿರುತ್ತವೆ. ಅವುಗಳಿಗೆ ನೀರು ಬಿಟ್ಟು ರಿಗ್ಗನ್ನು ಅರ್ಧ ಮುಳುಗಿಸುತ್ತಾರೆ. ಅಲೆಯ ಜೋರು ಮೇಲ್ಗಡೆಯೇ ಜಾಸ್ತಿ, ಕೆಳಕ್ಕೆ ಹೋದಂತೆ ಕಡಿಮೆ. ಆದ್ದರಿಂದ ರಿಗ್ ಅಷ್ಟಾಗಿ ಕುಣಿಯುವುದಿಲ್ಲ. ಗಾಳಿ ಪಕ್ಕಕ್ಕೆ ತಳ್ಳಿದರೆ ಅಡಿಯಲ್ಲಿರುವ ಫ್ಯಾನಿನಂಥ ಯಂತ್ರಗಳು ವಾಪಸ್ ತಳ್ಳುತ್ತವೆ. ಎಷ್ಟು ತಳ್ಳಬೇಕು ಅಂತ ಕಂಪ್ಯೂಟರು ಉಪಗ್ರಹದ ಸಂಕೇತದಿಂದ ಲೆಕ್ಕ ಹಾಕುತ್ತೆ. 1961ರಲ್ಲಿ ಅಮೆರಿಕದ 'ಕಸ್-1' ಹಡಗು ಮೆಕ್ಸಿಕೋ ದೇಶದ ಹತ್ತಿರ ಸುಮಾರು 3500 ಮೀಟರ್ ನೀರಿನಲ್ಲಿ ಕೊರೆದಾಗ ಇದೆಲ್ಲ ಇರಲಿಲ್ಲ. ನಾಲ್ಕು ಮೋಟಾರುಗಳನ್ನು ಮನುಷ್ಯರೇ ತಿರುಗಿಸುತ್ತಾ ಹಡಗನ್ನು ಒಂದೇ ಜಾಗದಲ್ಲಿ ಹಿಡಿದಿದ್ದರು! ನನಗೆ ಇದೇ ಹೆಚ್ಚು ಆಶ್ಚರ್ಯ.

ರಿಗ್ಗಿನಿಂದ ಸಮುದ್ರದ ತಳದವರೆಗೆ ರೈಸರ್ ಎಂಬ ದಪ್ಪ ಕೊಳವೆ ಇರುತ್ತದೆ. ರಿಗ್ ಮೇಲೆ ಕೆಳಗೆ ಆದರೂ ಅದು ಮುರಿಯದ ಹಾಗೆ ಅದರ ಮೇಲ್ತುದಿ ಹಳೇ ರೇಡಿಯೋದ ಏರಿಯಲ್ ಥರ ಒಂದರೊಳಗೊಂದು ಜಾರುತ್ತೆ. ಕೊರೆಯುವ ಕೊಳವೆ ರೈಸರಿನ ಒಳಗೆ ಇಳಿಯುತ್ತೆ.

ಇನ್ನು ಕೆಸರಿನ ವಿಷಯ. ನಮ್ಮ ಬೋರಿನಲ್ಲಿ ಕಂಪ್ರೆಸರ್ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತೆ, ತೋಟವೆಲ್ಲ ಧೂಳು. ಸಮುದ್ರದಲ್ಲಿ ಆ ಕೆಲಸ ಮಾಡುವುದು ಬ್ಯಾರೈಟ್ ಎಂಬ ಭಾರದ ಕಲ್ಲಿನ ಪುಡಿ ಕಲಸಿದ ಕೆಸರು. ಅದು ಕೊರೆಯುವ ಕೊಳವೆಯೊಳಗೆ ಇಳಿದು, ಪುಡಿಯನ್ನು ಹೊತ್ತು, ರೈಸರಿನಲ್ಲಿ ಮೇಲೆ ಬರುತ್ತೆ. ಇದಕ್ಕೆ ಇನ್ನೂ ದೊಡ್ಡ ಕೆಲಸ ಒಂದಿದೆ. ಭೂಮಿಯೊಳಗಿನ ಎಣ್ಣೆ, ಅನಿಲಗಳಿಗೆ ಒತ್ತಡ ವಿಪರೀತ. ಅವು ಮೇಲೆ ನುಗ್ಗದಂತೆ ಅದುಮಿ ಇಡುವುದು ಈ ಕೆಸರಿನ ಭಾರವೇ.

2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ 'ಡೀಪ್‌ವಾಟರ್ ಹೊರೈಜನ್' ಎಂಬ ತೇಲುವ ರಿಗ್ಗಿನಲ್ಲಿ 126 ಜನ ಇದ್ದರು. ಬಾವಿ ಕೊರೆದು ಮುಗಿದಿತ್ತು. ತಳಕ್ಕೆ ಸಿಮೆಂಟ್ ಹಾಕಿದ್ದರು. ಸಿಮೆಂಟ್ ಹಿಡಿದಿಲ್ಲ ಎಂಬ ಸೂಚನೆ ಒತ್ತಡದ ಪರೀಕ್ಷೆಯಲ್ಲಿ ಬಂದಿತ್ತು. ಆದರೂ ಸರಿಯಾಗಿದೆ ಅಂದುಕೊಂಡು ರೈಸರಿನ ಕೆಸರನ್ನು ತೆಗೆದು ಸಮುದ್ರದ ನೀರು ತುಂಬಿಸತೊಡಗಿದರು. ನೀರು ಕೆಸರಿಗಿಂತ ಹಗುರ ಅಲ್ಲವೇ? ಅನಿಲ ಮೇಲೆ ನುಗ್ಗಿತು, ಬೆಂಕಿ ಹತ್ತಿತು. 11 ಜನ ತೀರಿಕೊಂಡರು. ಎರಡು ದಿನಕ್ಕೆ ರಿಗ್ಗೇ ಮುಳುಗಿತು.

ಇಂಥ ಹೊತ್ತಿಗೆಂದೇ ಸಮುದ್ರದ ತಳದಲ್ಲಿ ಬಾವಿಯ ಬಾಯಿಗೆ ದೊಡ್ಡ ಕವಾಟ ಕೂರಿಸಿದ್ದರು. ಅದರೊಳಗಿನ ಕತ್ತರಿ ಕೊಳವೆಯನ್ನು ತುಂಡರಿಸಿ ಬಾವಿ ಮುಚ್ಚಬೇಕಿತ್ತು. ಆದರೆ ಕೊಳವೆ ಡೊಂಕಾಗಿ ಪಕ್ಕಕ್ಕೆ ಸರಿದಿತ್ತು. ಕತ್ತರಿಗೆ ಅದು ಪೂರ್ತಿ ಸಿಗಲಿಲ್ಲ. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು.

ಪಕ್ಕದ ಚಿತ್ರ ನಾನೇ ಬರೆದದ್ದು. ಕೆಂಪು ಬಣ್ಣ ಹಾಕಿರುವುದೇ ಆ ಕವಾಟ.