ಕಣ್ಣಿನ ಸುತ್ತ ಸುಕ್ಕು: ಇಂಜೆಕ್ಷನ್, ಆಪರೇಷನ್‌ಗೆ ಮುನ್ನ ತಿಳಿದಿರಲಿ

ಮಗಳ ನಿಕಾಹ್‌ಗೆ ಹತ್ತು ದಿನ ಇರುವಾಗ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದರು. “ಡಾಕ್ಟ್ರೇ, ಕಣ್ಣಿನ ಕೆಳಗೆ ಗುಂಡಿ ಬಿದ್ದಿದೆ. ಬ್ಯೂಟಿ ಪಾರ್ಲರ್‌ನಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸರಿಹೋಗುತ್ತದಂತೆ, ಹಾಕಿಸಿಕೊಳ್ಳಲೇ?” ಎಂದು ಕೇಳಿದರು. ಯಾವ ಔಷಧ ಎಂದರೆ ಅವರಿಗೆ ಗೊತ್ತಿರಲಿಲ್ಲ. ಬೇಡವೇ ಬೇಡ ಎಂದೆ. ಏಕೆಂಬುದನ್ನು ನೀವೂ ತಿಳಿದಿರಬೇಕು.

ನಮ್ಮ ದೇಹದಲ್ಲೇ ಅತ್ಯಂತ ತೆಳುವಾದ ಚರ್ಮ ಕಣ್ಣರೆಪ್ಪೆಯದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ವಯಸ್ಸಾದಂತೆ ಚರ್ಮದ ಬಿಗಿ ಕಡಿಮೆಯಾಗುತ್ತದೆ. ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬು ಮುಂದಕ್ಕೆ ಬಂದು ಕೆಳಗೆ ಚೀಲದಂತೆ ಕಾಣುತ್ತದೆ. ಬಿಸಿಲು, ಧೂಮಪಾನ, ಕಣ್ಣುಜ್ಜುವ ಅಭ್ಯಾಸ ಇದನ್ನು ಬೇಗ ತರುತ್ತವೆ. ಯುನಾನಿ ವೈದ್ಯಶಾಸ್ತ್ರವು ಮುಪ್ಪಿನಲ್ಲಿ ದೇಹದ ಶುಷ್ಕತೆ ಹೆಚ್ಚುತ್ತದೆ ಎನ್ನುತ್ತದೆ. ಬಾದಾಮಿ ಎಣ್ಣೆಯನ್ನು ಮೃದುವಾಗಿ ಹಚ್ಚಿದರೆ ಒಣ ಚರ್ಮಕ್ಕೆ ಹಿತವಾಗುತ್ತದೆ. ಆದರೆ ಜೋತುಬಿದ್ದ ಚರ್ಮವನ್ನಾಗಲಿ, ಚೀಲವನ್ನಾಗಲಿ ಯಾವ ಎಣ್ಣೆಯೂ ಯಾವ ಲೇಪವೂ ಸರಿಪಡಿಸದು. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಬೊಟಾಕ್ಸ್

ನಕ್ಕಾಗ ಕಣ್ಣಿನ ಹೊರಬದಿಯಲ್ಲಿ ಮೂಡುವ ಗೆರೆಗಳಿಗೆ ಇದನ್ನು ಕೊಡುತ್ತಾರೆ. ಇದು ಒಂದು ಬ್ಯಾಕ್ಟೀರಿಯಾದ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ಔಷಧ. ಸ್ನಾಯುವಿಗೆ ನರದ ಸಂದೇಶ ತಲುಪದಂತೆ ಇದು ತಡೆಯುತ್ತದೆ. ಮೊದಲು ಇದನ್ನು ಬಳಸಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ. ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕಣ್ಣಂಚಿನ ಗೆರೆಗಳಿಗೆ ಸಿಕ್ಕಿದ್ದು 2013ರಲ್ಲಿ. ಪೂರ್ಣ ಪರಿಣಾಮ ಕಾಣಲು ಎರಡು ವಾರ ಬೇಕು. ಮೂರು-ನಾಲ್ಕು ತಿಂಗಳಲ್ಲಿ ಅದು ಇಳಿದುಹೋಗುತ್ತದೆ. ಔಷಧ ಪಕ್ಕಕ್ಕೆ ಹರಡಿದರೆ ಕೆಲವು ವಾರ ರೆಪ್ಪೆ ಜೋತುಬೀಳಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಸ್ನಾಯು ದುರ್ಬಲವಾಗುವ ಕಾಯಿಲೆ ಇರುವವರು ಹಾಕಿಸಿಕೊಳ್ಳಬಾರದು. ಬೊಟಾಕ್ಸ್‌ನಲ್ಲಿ ಮಾನವ ರಕ್ತದಿಂದ ಪಡೆದ ಆಲ್ಬುಮಿನ್ ಇರುವುದನ್ನೂ ತಿಳಿದಿರಿ.

ಫಿಲ್ಲರ್

ಕಣ್ಣಿನ ಕೆಳಗಿನ ಗುಂಡಿ ತುಂಬಲು ಹಾಕುವ ಜೆಲ್ ಇದು. ಆ ತಾಯಿಗೆ ಪಾರ್ಲರ್‌ನವರು ಹೇಳಿದ್ದು ಬಹುಶಃ ಇದನ್ನೇ. ಹೆಚ್ಚಾಗಿ ಬಳಸುವುದು ಹೈಯಲುರಾನಿಕ್ ಆಮ್ಲದ ಜೆಲ್. ಇದರ ದೊಡ್ಡ ಅಪಾಯ ಕೇಳಿ. ಮುಖದ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕವಿದೆ. ಸೂಜಿ ತಪ್ಪಿ ರಕ್ತನಾಳದೊಳಗೆ ಹೋದರೆ ಜೆಲ್ ಕಣ್ಣಿನ ಹಿಂಭಾಗ ತಲುಪಿ ರಕ್ತಸಂಚಾರವನ್ನು ನಿಲ್ಲಿಸಬಹುದು. ಹೀಗಾಗುವುದು ಅಪರೂಪ. ಆದರೆ ಆದರೆ, ಸುಮಾರು ಒಂದೂವರೆ ಗಂಟೆಯೊಳಗೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಜೆಲ್ಲನ್ನು ಕರಗಿಸುವ ಔಷಧವೂ ಅದನ್ನು ಕೊಡಬಲ್ಲ ವೈದ್ಯರೂ ಅಲ್ಲೇ ಇರಬೇಕು. ಪಾರ್ಲರ್‌ನಲ್ಲಿ ಅವೆರಡೂ ಎಲ್ಲಿಂದ ಬರಬೇಕು? ಇಂಜೆಕ್ಷನ್ ಆದೊಡನೆ ದೃಷ್ಟಿ ಮಂಜಾದರೆ, ತೀವ್ರ ನೋವು ಬಂದರೆ, ಚರ್ಮ ಬಿಳಿಚಿದರೆ ಒಂದು ನಿಮಿಷವೂ ಕಾಯದೆ ಕಣ್ಣಿನ ಆಸ್ಪತ್ರೆಗೆ ಹೋಗಿ.

ರೆಪ್ಪೆಯ ಶಸ್ತ್ರಚಿಕಿತ್ಸೆ

ಜೋತುಬಿದ್ದ ಚರ್ಮವನ್ನು ಕತ್ತರಿಸಿ, ಅಗತ್ಯವಿದ್ದರೆ ಕೊಬ್ಬನ್ನು ತೆಗೆದು ಅಥವಾ ಸರಿಹೊಂದಿಸಿ ಹೊಲಿಗೆ ಹಾಕುತ್ತಾರೆ. ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರದೊಳಗೆ ಬಿಚ್ಚುತ್ತಾರೆ. ಬಾವು, ಕಲೆ ಇಳಿಯಲು ಒಂದೆರಡು ವಾರ ಬೇಕು. ಫಲ ಹಲವು ವರ್ಷ ಉಳಿಯುತ್ತದೆ. ಚರ್ಮ ಹೆಚ್ಚು ಹೋದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ. ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತಸ್ರಾವವಾಗಿ ದೃಷ್ಟಿಗೇ ಅಪಾಯವಾಗಬಹುದು. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ ಇವುಗಳ ಬಗ್ಗೆ ವೈದ್ಯರಿಗೆ ಮೊದಲೇ ಹೇಳಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಈ ಶಸ್ತ್ರಚಿಕಿತ್ಸೆ ನಮ್ಮ ಪರಂಪರೆಗೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಕೊರ್ಡೋವಾದ ಅಬುಲ್ ಕಾಸಿಮ್ ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಗಳನ್ನು ವಿವರಿಸಿದ್ದಾರೆ.

ಶರೀಅತ್ ಏನು ಹೇಳುತ್ತದೆ ಎಂದು ಅನೇಕರು ಕೇಳುತ್ತಾರೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಎಂಬ ಸಹಾಬಿಗೆ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ತಿಳಿಸಿದ ಹದೀಸನ್ನು ವಿದ್ವಾಂಸರು ದೋಷ ನಿವಾರಣೆಗೆ ಆಧಾರವಾಗಿ ಹೇಳುತ್ತಾರೆ. ಬರಿಯ ಅಂದಕ್ಕಾಗಿ ಸೃಷ್ಟಿಯನ್ನು ಬದಲಿಸುವುದನ್ನು ಅದರಿಂದ ಬೇರೆಯಾಗಿ ನೋಡುತ್ತಾರೆ. ಆದ್ದರಿಂದ ಮೊದಲು ಕಣ್ಣಿನ ವೈದ್ಯರಿಂದ ಪರೀಕ್ಷೆ ಮಾಡಿಸಿ. ರೆಪ್ಪೆಯ ಚರ್ಮ ಕಣ್ಣಿನ ಮೇಲೆ ಬಿದ್ದು ಮೇಲ್ಭಾಗದ ನೋಟ ಮರೆಯಾಗುತ್ತಿದ್ದರೆ ಅದು ಅಲಂಕಾರವಲ್ಲ, ಚಿಕಿತ್ಸೆ. ಆ ವರದಿಯೊಂದಿಗೆ ನಿಮ್ಮ ಆಲಿಮರನ್ನು ಕೇಳಿ.

ವುಝೂ ಮತ್ತು ನಮಾಝ್ ಬಗ್ಗೆಯೂ ಮೊದಲೇ ವಿಚಾರಿಸಿಕೊಳ್ಳಿ. ಹೊಲಿಗೆ ಇರುವಾಗ ಗಾಯಕ್ಕೆ ನೀರು ತಾಗಿಸಬಾರದು ಎಂದು ವೈದ್ಯರು ಹೇಳಬಹುದು. ತಲೆ ಬಾಗಿಸಿದರೆ ರಕ್ತಸ್ರಾವದ ಭಯವಿರುವುದರಿಂದ ಕೆಲವು ದಿನ ಸುಜೂದನ್ನು ಸನ್ನೆಯಲ್ಲಿ ಮಾಡಬೇಕಾಗಬಹುದು. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. ಇಂಜೆಕ್ಷನ್ ಆದ ದಿನ ಮುಖ ತೊಳೆಯುವಾಗ ಆ ಜಾಗವನ್ನು ಉಜ್ಜಬೇಡಿ.

ಎಲ್ಲ ಬಾವೂ ಮುಪ್ಪಿನದಲ್ಲ ಎಂಬುದೂ ನೆನಪಿರಲಿ. ಬೆಳಿಗ್ಗೆ ಕಣ್ಣಿನ ಸುತ್ತ ಹಾಗೂ ಕಾಲಿನಲ್ಲಿ ಬಾವು ಕಂಡರೆ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಂದು ರೆಪ್ಪೆ ಹಠಾತ್ತನೆ ಜೋತುಬಿದ್ದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಗೆ, ಯಾರೇ ಸೂಜಿ ಹಿಡಿದು ಬಂದರೂ ನಾಲ್ಕು ಪ್ರಶ್ನೆ ಕೇಳಿ: ನಿಮ್ಮ ಪದವಿ ಏನು? ಔಷಧದ ಹೆಸರೇನು, ಸೀಲು ಒಡೆಯದ ಬಾಟಲಿ ತೋರಿಸುವಿರಾ? ತೊಂದರೆಯಾದರೆ ಇಲ್ಲೇ ಏನು ಮಾಡುವಿರಿ? ಇದನ್ನು ಮಾಡಿಸಿಕೊಳ್ಳದಿದ್ದರೆ ನನಗೆ ನಷ್ಟವೇನು?

ಆ ತಾಯಿ ಇಂಜೆಕ್ಷನ್ ಇಲ್ಲದೆಯೇ ಮಗಳ ನಿಕಾಹ್‌ನಲ್ಲಿ ನಿಂತರು. ಕಣ್ಣಿನ ಕೆಳಗಿನ ಗುಂಡಿ ಹಾಗೆಯೇ ಇದೆ, ದೃಷ್ಟಿಯೂ ಇದೆ. ಅಲ್‌ಹಮ್ದುಲಿಲ್ಲಾಹ್.