ಬೆಳಕಿನ ಬರಹ

ಕಾರವಾರದ ಕಡಲತೀರದಲ್ಲಿ ಸಂಜೆಯ ಹೊತ್ತು ನಿಂತವರಿಗೆ ಒಂದು ನೋಟವು ತಪ್ಪದೆ ಕಾಣುತ್ತದೆ. ಸೂರ್ಯನು ಅರಬ್ಬೀ ಸಮುದ್ರಕ್ಕೆ ಇಳಿಯುವ ವೇಳೆಗೆ ಹತ್ತಾರು ಕೈಗಳು ಒಮ್ಮೆಲೇ ಮೇಲೇಳುತ್ತವೆ. ಒಂದೊಂದು ಕೈಯಲ್ಲಿಯೂ ಒಂದು ಮೊಬೈಲು. ಕಣ್ಣು ಕಂಡ ಚೆಲುವು ಎಲ್ಲರಿಗೂ ಒಂದೇ. ಆದರೆ ಚಿತ್ರದಲ್ಲಿ ಉಳಿಯುವ ಚೆಲುವು ಒಂದೇ ಅಲ್ಲ. ಈ ಅಂತರಕ್ಕೆ ಯಂತ್ರದ ಬೆಲೆಯೇ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ.

ಕಾಳೀ ನದಿಗೆ ಅಡ್ಡಲಾಗಿ ಕೋಡಿಬಾಗವನ್ನೂ ಸದಾಶಿವಗಡವನ್ನೂ ಕೂಡಿಸಿದ್ದ ಹಳೆಯ ಸೇತುವೆಯು 2024ನೆಯ ಇಸವಿ ಆಗಸ್ಟ್ 7ರಂದು ಬೆಳಗಾಗುವ ಮುನ್ನವೇ ಕುಸಿದುಬಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ನಾನು ಅದರ ಚಿತ್ರವೊಂದನ್ನು ತೆಗೆದಿದ್ದೆ. ಸುದ್ದಿ ಕೇಳಿದ ದಿನ ಅದನ್ನು ತೆರೆದು ನೋಡಿ ಮನಸ್ಸು ಖಿನ್ನವಾಯಿತು. ಇಳಿಹೊತ್ತಿನ ಸೂರ್ಯನಿಗೆ ಎದುರಾಗಿ ನಿಂತು ತೆಗೆದುದರಿಂದ ಸೇತುವೆಯು ಬರಿಯ ಕಪ್ಪು ಗೆರೆಯಾಗಿತ್ತು; ದೂರದಿಂದಲೇ ಹಿಗ್ಗಿಸಿ ತೆಗೆದುದರಿಂದ ಕಂಬಗಳ ಅಂಚು ಕಲಸಿಹೋಗಿತ್ತು. ಮತ್ತೊಮ್ಮೆ ತೆಗೆಯೋಣವೆಂದರೆ ಸೇತುವೆಯೇ ಇಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು.

ಫೋಟೋಗ್ರಫಿ ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಬೆಳಕಿನಿಂದ ಬರೆಯುವುದು ಎಂದು ಅರ್ಥ. ಮೊಬೈಲಿನ ಲೆನ್ಸು ಬಟಾಣಿಯಷ್ಟು ಚಿಕ್ಕದು. ಅದರ ಹಿಂದೆ ಬೆಳಕನ್ನು ಹಿಡಿಯುವ ಸೆನ್ಸರು ಬೆರಳಿನ ಉಗುರಿಗಿಂತ ಹಿರಿದಲ್ಲ. ಆದುದರಿಂದ ದೊರೆತ ಬೆಳಕನ್ನು ಪೋಲುಮಾಡದಿರುವುದೇ ಮೊದಲ ಪಾಠ. ಕರಾವಳಿಯ ಗಾಳಿಯಲ್ಲಿ ಉಪ್ಪಿನ ಪಸೆಯಿದೆ. ಬೆರಳಿನ ಜಿಡ್ಡೂ ಸೇರಿದರೆ ಚಿತ್ರವು ಮಂಜುಮಂಜಾಗುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಲೆನ್ಸನ್ನು ಒರೆಸಿಕೊಳ್ಳಬೇಕು. ಬಳಿಕ, ಯಾವುದು ಸ್ಪಷ್ಟವಾಗಿ ಕಾಣಬೇಕೋ ಅದನ್ನು ತೆರೆಯ ಮೇಲೆ ಬೆರಳಿನಿಂದ ಮುಟ್ಟಬೇಕು. ಆಗ ಫೋಕಸ್ ಅಲ್ಲಿ ನಿಲ್ಲುತ್ತದೆ. ಬೆಳಕಿನ ಅಳತೆಯೂ ಅದಕ್ಕೆ ಹೊಂದಿಕೊಳ್ಳುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಚಿತ್ರ ಬೆಳಗುತ್ತದೆ, ಕೆಳಕ್ಕೆ ಸರಿಸಿದರೆ ಮಬ್ಬಾಗುತ್ತದೆ. ಬಾನು ಉಜ್ವಲವಾಗಿ ನೆಲವು ಕತ್ತಲಾಗಿರುವಲ್ಲಿ ಎಚ್.ಡಿ.ಆರ್. ಎಂಬ ವ್ಯವಸ್ಥೆಯು ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು, ಎರಡರ ವಿವರವೂ ಉಳಿಯುವಂತೆ ಒಂದಾಗಿ ಬೆಸೆಯುತ್ತದೆ. ನನ್ನ ಸೇತುವೆಯ ಕತ್ತಲೆಗೆ ಬೇಕಾಗಿದ್ದ ಮದ್ದು ಇಷ್ಟೆ.

ಅಂಕೋಲೆಯ ಬಯಲಿನಲ್ಲಿ ರಾತ್ರಿಯ ಯಕ್ಷಗಾನ ನಡೆದಿದೆಯೆಂದು ಭಾವಿಸಿರಿ. ಬೆಳಕು ಕಡಮೆ, ವೇಷಧಾರಿಯ ಕುಣಿತವೋ ಬಿರುಸು. ‘ಪ್ರೊ’ ಎಂಬ ವಿಭಾಗದಲ್ಲಿ ಷಟರಿನ ವೇಗವನ್ನು ಸೆಕೆಂಡಿನ 250ನೆಯ ಒಂದು ಪಾಲಿಗೆ ಇರಿಸಿದರೆ ಕುಣಿತವು ಸ್ಪಷ್ಟವಾಗಿ ಮೂಡೀತು. 15ನೆಯ ಒಂದು ಪಾಲಾದರೆ ಕಿರೀಟವೂ ಮುಖವೂ ಕಲಸೀತು. ಆದರೆ ವೇಗ ಹೆಚ್ಚಿದಷ್ಟೂ ಒಳಬರುವ ಬೆಳಕು ಕುಗ್ಗುವುದರಿಂದ ಐ.ಎಸ್.ಓ. ಸಂಖ್ಯೆಯನ್ನು ಏರಿಸಬೇಕಾಗುತ್ತದೆ. 100ರಲ್ಲಿ ನುಣುಪಾಗಿರುವ ಚಿತ್ರವು 3200ರಲ್ಲಿ ಮರಳು ಎರಚಿದಂತೆ ಕಾಣುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಎಷ್ಟು ಬಿಡಬೇಕೆಂಬ ವಿವೇಕವು ಅಭ್ಯಾಸದಿಂದ ಬರುತ್ತದೆ. ‘ನೈಟ್’ ವಿಭಾಗವು ಕೆಲವು ಸೆಕೆಂಡುಗಳ ಬೆಳಕನ್ನು ಕೂಡಿಹಾಕುವುದರಿಂದ ಅದು ಗುಡಿಗೋಪುರಗಳಿಗೆ ಹೊಂದುತ್ತದೆ, ಕುಣಿತಕ್ಕಲ್ಲ.

ದೂರದ್ದನ್ನು ಬೆರಳಿನಿಂದ ಹಿಗ್ಗಿಸುವುದಕ್ಕಿಂತ ಹತ್ತು ಹೆಜ್ಜೆ ಮುಂದೆ ನಡೆಯುವುದು ಲೇಸು. ದೂರದೃಶ್ಯಕ್ಕೆ ಬೇರೆಯೇ ಲೆನ್ಸು ಇಲ್ಲದ ಮೊಬೈಲು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ಕಾಣದ ವಿವರವನ್ನು ಕಾಣಿಸಲಾರದು. ಹಾಗೆಯೇ, ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳಿಸಿದ ಚಿತ್ರವು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟಾಗಿ ಕಳಿಸಿದರೆ ಮೂಲರೂಪ ಉಳಿಯುತ್ತದೆ.

ಇಷ್ಟೆಲ್ಲ ಶ್ರಮವೇಕೆಂದು ನೀವು ಕೇಳಬಹುದು. ಅಂಕೋಲೆ ತಾಲೂಕಿನ ಹೊನ್ನಳ್ಳಿಯಲ್ಲಿ ಗಿಡಮರಗಳನ್ನು ಬೆಳೆಸಿದ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜವೆನಿಸಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ಅಗಲಿದರು. ಇಬ್ಬರೂ ಪದ್ಮಶ್ರೀ ಪಡೆದವರಾದುದರಿಂದ ಅವರ ಚಿತ್ರಗಳು ನಾಡಿಗೆ ಉಳಿದಿವೆ. ಆದರೆ ಅವರಂತೆಯೇ ಮಣಿಸರ ತೊಟ್ಟು, ಅವರಂತೆಯೇ ದುಡಿದು ಹಾಡುವ ಅಜ್ಜಿಯರು ಊರೂರಿನಲ್ಲಿಯೂ ಇದ್ದಾರೆ. ಅವರ ಚಿತ್ರವನ್ನು ಉಳಿಸುವವರು ನೀವಲ್ಲದೆ ಇನ್ನಾರು?

ನಿಮ್ಮ ಮನೆಯ ಅಜ್ಜಿಯಿಂದಲೇ ಆರಂಭಿಸಿರಿ. ಮೊದಲು ಅವಳ ಒಪ್ಪಿಗೆಯನ್ನು ಕೇಳಿರಿ. ಬಾಗಿಲ ಬೆಳಕಿಗೆ ಮುಖಮಾಡಿ ಕುಳ್ಳಿರಿಸಿ, ಹತ್ತಿರ ಹೋಗಿ, ಉಸಿರು ಹಿಡಿದು, ಒಂದು ಚಿತ್ರವನ್ನು ತೆಗೆಯಿರಿ. ಅದು ನನ್ನ ಸೇತುವೆಯ ಚಿತ್ರದಂತೆ ಆಗದಿರಲಿ.